ಹೊಗೆಯನ್ನು ಹೊಗಳಿದ್ದು ಸಾಕು, ತಗಡಿನ ದಪ್ಪ ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕಟ್ಟಿಗೆ ಬೆಂಕಿಯಲ್ಲಿ ಸುಟ್ಟ ಮಾಂಸದ ರುಚಿಯ ಬಗ್ಗೆ ಬಂದ ಲೇಖನ ಓದಿದೆ. ಬರೆದವರ ಭಾಷೆ ಸೊಗಸಾಗಿದೆ, ಓದುವಾಗ ಬಾಯಲ್ಲಿ ನೀರು ಬಂದದ್ದೂ ನಿಜ. ಆದರೆ ಪುಟದ ತುಂಬ ತಿನ್ನುವವರೇ ಇದ್ದಾರೆ. ಸುಡುವವನು ಒಂದೇ ಸಾಲಿನಲ್ಲಿ ಬಂದು ಹೋಗುತ್ತಾನೆ, ಅದೂ ಹೊಗೆಯ ನಡುವೆ ನಗುತ್ತಾ ನಿಂತವನಾಗಿ. ಹೊಗೆಯ ನಡುವೆ ನಿಂತವನು ನಗುವುದಿಲ್ಲ ಸ್ವಾಮಿ. ಉರಿಗೆ ಕಣ್ಣು ಕಿರಿದಾಗಿ ಹಲ್ಲು ಹೊರಗೆ ಬಂದಿರುತ್ತವೆ, ಫೋಟೊದಲ್ಲಿ ಅದು ನಗುವಿನಂತೆ ಕಾಣುತ್ತದೆ. ಕೊನೆಯಲ್ಲಿ, ಗ್ಯಾಸ್ ಒಲೆಯ ಮೇಲೆ ಸುಡುವುದು ಸುಡುವುದೇ ಅಲ್ಲ ಎಂಬ ತೀರ್ಪನ್ನೂ ಲೇಖಕರು ಕೊಟ್ಟಿದ್ದಾರೆ. ಆ ಒಂದು ಮಾತಿಗಾಗಿ ಈ ಪತ್ರ. ಉದ್ದವಾಗಿದೆ, ಎಲ್ಲಿ ಬೇಕಾದರೂ ಕತ್ತರಿಸಿಕೊಳ್ಳಿ. ತಗಡಿನ ವಿಷಯವನ್ನು ಮಾತ್ರ ಕತ್ತರಿಸಬೇಡಿ.

ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವನು. ಗೇಟು, ಕಿಟಕಿಯ ಸರಳು, ಟ್ರ್ಯಾಕ್ಟರ್ ಟ್ರೇಲರಿನ ಬಾಗಿಲು ನನ್ನ ದಿನನಿತ್ಯದ ಕೆಲಸ. ಅದರ ಜೊತೆಗೆ ತಳ್ಳುಗಾಡಿಯವರಿಗೆ, ಸಣ್ಣ ಹೋಟೆಲಿನವರಿಗೆ, ಈಚೆಗೆ ತಾರಸಿಯ ಮೇಲೆ ನೆಂಟರನ್ನು ಕರೆದು ಕೋಳಿ ಸುಡುವ ನೌಕರಿಯವರಿಗೆ ಸುಡುವ ಒಲೆಗಳನ್ನು ಮಾಡಿಕೊಡುತ್ತೇನೆ. ಇದ್ದಿಲಿನದನ್ನೂ ಮಾಡುತ್ತೇನೆ, ಗ್ಯಾಸಿನದನ್ನೂ ಮಾಡುತ್ತೇನೆ. ಯಾವುದರಲ್ಲಿ ಲಾಭ ಎಂದು ಕೇಳಿದರೆ ಇದ್ದಿಲಿನದರಲ್ಲಿ, ಏಕೆಂದರೆ ಅದು ಮತ್ತೆ ಮತ್ತೆ ನನ್ನ ಅಂಗಡಿಗೆ ಬರುತ್ತದೆ. ಕೆಂಡ ನೇರವಾಗಿ ತಳದ ಮೇಲೆ ಕೂರುತ್ತದೆ, ಕಬ್ಬಿಣ ಕೆಂಪಾಗುತ್ತದೆ. ಹಾಗೆ ಕೆಂಪಾದ ಕಬ್ಬಿಣವನ್ನು ಗಾಳಿ ಸುಮ್ಮನೆ ಬಿಡುವುದಿಲ್ಲ. ಮೇಲಿನ ಪದರ ಸುಟ್ಟು ಕರಕಾಗಿ, ಸುತ್ತಿಗೆಯಿಂದ ತಟ್ಟಿದರೆ ಹಪ್ಪಳದಂತೆ ಉದುರುತ್ತದೆ. ಇದರ ಮೇಲೆ ರಾತ್ರಿ ಮನೆಗೆ ಹೋಗುವ ಅವಸರದಲ್ಲಿ ಕೆಂಡಕ್ಕೆ ನೀರು ಸುರಿಯುತ್ತಾರೆ. ಒದ್ದೆ ಬೂದಿ ಮೂಲೆಯಲ್ಲಿ ತೇವ ಹಿಡಿದುಕೊಂಡು ಬೆಳಗಿನವರೆಗೆ ತುಕ್ಕಿಗೆ ಊಟ ಹಾಕುತ್ತದೆ. ತೂತು ಬಿದ್ದ ತಳಕ್ಕೆ ನಾನು ಹೊಸ ಪ್ಲೇಟು ಬೆಸೆಯುತ್ತೇನೆ, ಕೂಲಿ ತೆಗೆದುಕೊಳ್ಳುತ್ತೇನೆ. ಗ್ಯಾಸಿನ ಪರವಾಗಿ ಮುಂದೆ ನಾನು ಹೇಳುವ ಮಾತುಗಳಿಗೆ ನನ್ನ ಗಲ್ಲಾಪೆಟ್ಟಿಗೆಯ ಒಪ್ಪಿಗೆ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಕಟ್ಟಿಗೆಯ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಸುಡುವುದಕ್ಕೆ ಹೇಳಿ ಮಾಡಿಸಿದ ಮರ. ಗಟ್ಟಿ, ಭಾರ, ನಿಧಾನವಾಗಿ ಉರಿಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಅದು ನಮ್ಮ ನೆಲದ್ದಲ್ಲ. ಅಮೆರಿಕ ಖಂಡದಿಂದ ಬ್ರಿಟಿಷರ ಕಾಲದಲ್ಲಿ ಬಂದದ್ದು. ಟೆಕ್ಸಾಸ್‌ನವರು ಮಾಂಸ ಸುಡಲು ಮೆಸ್ಕೀಟ್ ಎಂಬ ಕಟ್ಟಿಗೆಯನ್ನು ಚೀಲದಲ್ಲಿ ಕಟ್ಟಿ ಮಾರುತ್ತಾರಂತೆ, ಅದು ಇದೇ ಜಾಲಿಯ ದಾಯಾದಿ. ಇದನ್ನು ನನಗೆ ಹೇಳಿದವರು ತಾರಸಿ ಒಲೆ ಮಾಡಿಸಲು ಬಂದಿದ್ದ ಒಬ್ಬ ಎಂಜಿನಿಯರ್. ಕಾಲುವೆಯ ದಂಡೆಯಲ್ಲಿ, ಬೀಳು ಬಿದ್ದ ಹೊಲದಲ್ಲಿ ನಾವು ಬೈದುಕೊಂಡು ಕಡಿಯುವ ಮುಳ್ಳಿಗೆ ಅಲ್ಲಿ ಡಾಲರ್ ಕೊಡುತ್ತಾರೆ ಎಂದು ಕೇಳಿ ನಗು ಬಂತು, ಒಂದಿಷ್ಟು ಹೆಮ್ಮೆಯೂ ಆಯಿತು. ಜಾಲಿಯಿಂದ ಇದ್ದಿಲು ಮಾಡಿ ಬದುಕುವ ಕುಟುಂಬಗಳು ನಮ್ಮ ಸುತ್ತಲೇ ಇವೆ. ಅವರ ಹೊಟ್ಟೆಯ ಮೇಲೆ ಹೊಡೆಯುವ ಇರಾದೆ ನನಗಿಲ್ಲ. ಚಳಿಗಾಲದಲ್ಲಿ ಹೊಲದ ಬದುವಿನ ಮೇಲೆ ಕುಳ್ಳಿನ ಕೆಂಡದಲ್ಲಿ ಜೋಳದ ಸೀತನಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ತಿನ್ನುವುದುಂಟಲ್ಲ, ಅದನ್ನು ಗ್ಯಾಸಿನ ಮೇಲೆ ಮಾಡಿ ಎಂದು ಯಾರಾದರೂ ಹೇಳಿದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ.

ಆದರೆ ಹೊಲದಲ್ಲಿ ಒಂದು ಹೊತ್ತು ಸುಡುವುದು ಬೇರೆ, ವರ್ಷವಿಡೀ ಸಂಜೆಯಿಂದ ನಡುರಾತ್ರಿಯವರೆಗೆ ಸುಟ್ಟು ಸಂಸಾರ ಸಾಗಿಸುವುದು ಬೇರೆ.

ಬಳ್ಳಾರಿಯ ಏಪ್ರಿಲ್, ಮೇ ತಿಂಗಳು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಗಲು 40 ಡಿಗ್ರಿ ದಾಟಿರುತ್ತದೆ; ಸೂರ್ಯ ಮುಳುಗಿದ ಮೇಲೆ ಏಕಶಿಲೆಯ ಗುಡ್ಡ ಹಗಲೆಲ್ಲ ಕುಡಿದ ಬಿಸಿಯನ್ನು ಊರಿನ ಮೇಲೆ ಉಗುಳುತ್ತದೆ. ಆ ಹೊತ್ತಿಗೆ, ಸೀಖ್ ಎಂಬ ಕಬ್ಬಿಣದ ಕಡ್ಡಿಗೆ ಮಾಂಸ ಒತ್ತಿ ಸುಡುವ ಸೀಖ್ ಕಬಾಬಿನವನು ಇದ್ದಿಲಿಗೆ ಬೆಂಕಿ ಹಚ್ಚಿ ಬೀಸಣಿಗೆ ಹಿಡಿಯುತ್ತಾನೆ. ಕೆಂಡ ಹದಕ್ಕೆ ಬರುವವರೆಗೆ ವ್ಯಾಪಾರವಿಲ್ಲ, ಹೊಗೆ ಮಾತ್ರ. ಹದಕ್ಕೆ ಬಂತು ಎನ್ನುವಾಗ ಗಿರಾಕಿ ಇಲ್ಲ, ಕೆಂಡ ತನ್ನ ಪಾಡಿಗೆ ಉರಿದು ಬೂದಿಯಾಗುತ್ತಿರುತ್ತದೆ. ಎರಡನೆಯ ಆಟದ ಸಿನಿಮಾಕ್ಕೆ ಹೋಗುವವರು ಒಮ್ಮೆಲೇ ಬಂದು ನಿಂತರೆ ಕೆಂಡ ಸಾಲುವುದಿಲ್ಲ, ಮೇಲೆ ಹಸಿ ಇದ್ದಿಲು ಹಾಕಬೇಕು, ಮತ್ತೆ ಹೊಗೆ. ಮಾಂಸದ ಹೊರಗೆ ಕಪ್ಪು, ಒಳಗೆ ಹಸಿ. ಗ್ಯಾಸ್ ಒಲೆಯವನು ಕೀಲಿ ತಿರುಗಿಸುತ್ತಾನೆ. ಗಿರಾಕಿ ಇಲ್ಲದಾಗ ಉರಿ ತಗ್ಗಿಸುತ್ತಾನೆ, ಮಳೆ ಬಂದರೆ ಆರಿಸಿ ಪಕ್ಕದ ಅಂಗಡಿಯ ಮಾಡಿನ ಕೆಳಗೆ ನಿಲ್ಲುತ್ತಾನೆ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು ಮೂರು ಕಿಲೋ ಒಣ ಕಟ್ಟಿಗೆಯ ಶಾಖ ಇರುತ್ತದೆ. ತೆರೆದ ಒಲೆಯಲ್ಲಿ ಕಟ್ಟಿಗೆಯ ಶಾಖದ ಬಹುಪಾಲು ಆಕಾಶಕ್ಕೆ ಹೋಗುವುದನ್ನೂ ಲೆಕ್ಕ ಹಿಡಿದರೆ ಅಂತರ ಇನ್ನೂ ದೊಡ್ಡದು.

ಆಷಾಢದ ಗಾಳಿಯ ವಿಷಯ ಲೇಖನದಲ್ಲಿ ಇರಲಿಲ್ಲ. ನಮ್ಮ ಊರು ಜೀನ್ಸ್ ಹೊಲಿಯುವ ಊರು. ಗಲ್ಲಿಗಲ್ಲಿಯಲ್ಲಿ ಹೊಲಿಗೆಯ ಮನೆಗಳಿವೆ, ಬಾಗಿಲ ಹೊರಗೆ ಬಟ್ಟೆ ಚೂರು, ನೂಲಿನ ಕಸದ ಚೀಲಗಳು ಬಿದ್ದಿರುತ್ತವೆ. ಅದರ ಎದುರು ಇದ್ದಿಲ ಒಲೆ, ತಲೆಯ ಮೇಲೆ ಪ್ಲಾಸ್ಟಿಕ್ ತಾಡಪಾಲು. ಗಾಳಿ ಬೀಸಿದಾಗ ಕಿಡಿ ಎಲ್ಲಿಗೆ ಹೋಗುತ್ತದೆ ಎಂದು ಒಲೆಯವನನ್ನು ಕೇಳಿ, ಅವನ ಅರ್ಧ ಗಮನ ಮಾಂಸದ ಮೇಲೆ ಇರುವುದಿಲ್ಲ.

ಹೊಗೆಯಿಂದ ಆರೋಗ್ಯಕ್ಕೆ ಏನಾಗುತ್ತದೆ ಎಂಬುದಕ್ಕೆ ನಾನು ವೈದ್ಯನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮನೆಯೊಳಗೆ ಉರಿಸುವ ಕಟ್ಟಿಗೆಯ ಹೊಗೆಯನ್ನು, ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ತಳ್ಳುಗಾಡಿ ಮನೆಯೊಳಗಲ್ಲ, ನಿಜ. ಆದರೆ ಮೂರು ಕಡೆ ಫ್ಲೆಕ್ಸ್ ಕಟ್ಟಿ ಮೇಲೆ ತಾಡಪಾಲು ಹಾಕಿದರೆ ಉಳಿಯುವ ಬಯಲು ಎಷ್ಟು? ಹಿಂದೆ ಕೂತು ಸೀಖಿಗೆ ಮಾಂಸ ಒತ್ತುವ ಹೆಂಗಸರ ಕೆಮ್ಮು ಯಾವ ಪುರವಣಿಗೂ ಕೇಳಿಸಿಲ್ಲ.

ಇನ್ನು ರುಚಿ. ಪೂರ್ತಿ ಕೆಂಡವಾದ ಇದ್ದಿಲಿನಲ್ಲಿ ಮರದ ವಾಸನೆ ಹೆಚ್ಚೇನೂ ಉಳಿದಿರುವುದಿಲ್ಲ. ಅದೆಲ್ಲ ಇದ್ದಿಲು ಮಾಡುವಾಗಲೇ ಭಟ್ಟಿಯ ಬಾಯಿಯಿಂದ ಹೋಗಿರುತ್ತದೆ. ಸೀಖ್ ಬೆಂಕಿಯ ಮೇಲೆ ಇರುವುದು ಕೆಲವೇ ನಿಮಿಷ. ಆ ಕೆಲವು ನಿಮಿಷಗಳಲ್ಲಿ ಮೂಗಿಗೆ ಬಡಿಯುವ ಘಮ ಬಹುಪಾಲು ಮಾಂಸದ ಕೊಬ್ಬು, ಮಸಾಲೆಯ ರಸ ಕೆಳಗಿನ ಬಿಸಿಗೆ ಬಿದ್ದು ಸುಟ್ಟು ಮೇಲೆ ಬರುವುದರಿಂದ ಆಗುವುದು. ಬೀಳುವ ಹನಿಗೆ ಬಿಸಿ ಕಬ್ಬಿಣವಾದರೂ ಸಾಕು. ಅಮೆರಿಕದ ವೆಬರ್ ಕಂಪನಿ, 1952ರಲ್ಲಿ ಮುಚ್ಚಳದ ದುಂಡು ಇದ್ದಿಲ ಒಲೆಯಿಂದ ಹೆಸರಾದದ್ದು, 1985ರಲ್ಲಿ ತಂದ ಗ್ಯಾಸ್ ಬಾರ್ಬೆಕ್ಯೂವಿನಲ್ಲಿ ಬರ್ನರುಗಳ ಮೇಲೆ ಸಣ್ಣ ಮಾಡಿನ ಹಾಗೆ ಬಗ್ಗಿಸಿದ ಲೋಹದ ಪಟ್ಟಿಗಳನ್ನು ಕೂರಿಸಿತು. ಹನಿ ಬೆಂಕಿಯ ಮೇಲೆ ಬೀಳದೆ ಪಟ್ಟಿಯ ಮೇಲೆ ಬೀಳುತ್ತದೆ, ಚುರ್ ಎಂದು ಆವಿಯಾಗಿ ಮಾಂಸಕ್ಕೆ ಹಿಂತಿರುಗುತ್ತದೆ. ಬರ್ನರೂ ಕೆಡುವುದಿಲ್ಲ, ಉರಿಯೂ ಭಗ್ಗೆಂದು ಏಳುವುದಿಲ್ಲ. ನಾನು ಅದನ್ನೇ ಎಲ್ ಆ್ಯಂಗಲ್, ಅಂದರೆ ಎಲ್ ಅಕ್ಷರದ ಹಾಗೆ ಮಡಿಚಿದ ಕಬ್ಬಿಣದ ಪಟ್ಟಿ, ತಲೆಕೆಳಗು ಮಾಡಿ ಇಟ್ಟು ಸಾಧಿಸುತ್ತೇನೆ. ಇಷ್ಟಾದ ಮೇಲೂ ಹೊಗೆಯ ವಾಸನೆಯೇ ಬೇಕು ಎನ್ನುವವರಿಗೆ ನಮ್ಮ ಬಜಾರಿನ ಹಳೆಯ ಬಾಣಸಿಗರಿಗೆಲ್ಲ ಗೊತ್ತಿರುವ ಧುಂಗಾರ್ ಇದೆ. ಒಂದು ಬಟ್ಟಲಲ್ಲಿ ಒಂದೇ ಒಂದು ಕೆಂಡ, ಅದರ ಮೇಲೆ ಒಂದು ಚಮಚ ತುಪ್ಪ, ಪಾತ್ರೆಗೆ ಮುಚ್ಚಳ. ಒಂದು ಕೆಂಡದಿಂದ ಆಗುವ ಕೆಲಸಕ್ಕೆ ಒಂದು ಚೀಲ ಇದ್ದಿಲು ಏಕೆ?

ಹೀಗೆ ಹೇಳಿದೆನೆಂದು ಯಾವುದಾದರೂ ಒಂದು ಗ್ಯಾಸ್ ಬಾರ್ಬೆಕ್ಯೂ ತಂದುಬಿಡಿ ಎಂದು ನನ್ನ ಅರ್ಥವಲ್ಲ. ಪೇಟೆಯಲ್ಲಿ, ಮೊಬೈಲಿನಲ್ಲಿ ಈಗ ಸಿಗುವ ಹೊಳೆಯುವ ಪೆಟ್ಟಿಗೆಗಳ ಬಗ್ಗೆ ನನಗೆ ಇದ್ದಿಲ ಒಲೆಗಿಂತ ಹೆಚ್ಚು ಸಿಟ್ಟಿದೆ. ಗ್ಯಾಸಿಗೆ ಕೆಟ್ಟ ಹೆಸರು ಬಂದಿರುವುದೇ ಇವುಗಳಿಂದ. ನನ್ನ ಗಿರಾಕಿಯೊಬ್ಬರು ಅಂಥದೊಂದನ್ನು ತರಿಸಿಕೊಂಡರು. ಒಂದು ಮಳೆಗಾಲ ಮುಗಿಯುವುದರೊಳಗೆ ಬರ್ನರಿನ ಕೊಳವೆ ಉದ್ದಕ್ಕೆ ಬಿರಿದಿತ್ತು. ಮಾರಿದವರಿಗೆ ಫೋನ್ ಮಾಡಿದರೆ ಬಿಡಿಭಾಗ ಇಲ್ಲ, ಹೊಸದು ಕೊಳ್ಳಿ ಎಂಬ ಉತ್ತರ. ಅವರು ಅದನ್ನು ನನ್ನ ಅಂಗಡಿಯ ಮುಂದೆ ಇಳಿಸಿದಾಗ ನಾನು ಒಂದೇ ಕೈಯಲ್ಲಿ ಎತ್ತಿದೆ. ಸುಡುವ ಒಲೆಯನ್ನು ಒಂದೇ ಕೈಯಲ್ಲಿ ಎತ್ತಲು ಬಂದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಹೊಳಪಿನ ಪೆಟ್ಟಿಗೆಯ ತಗಡು ಸಾಮಾನ್ಯವಾಗಿ 20 ಗೇಜು, ಅಂದರೆ ಒಂದು ಮಿಲಿಮೀಟರಿಗಿಂತ ಕಡಿಮೆ. ನಾನು ಬಳಸುವುದು 3 ಮಿ.ಮೀ. ಪ್ಲೇಟು, ತಳಕ್ಕೆ ಅದಕ್ಕಿಂತ ದಪ್ಪ. ತೆಳು ತಗಡು ಬಿಸಿಗೆ ಸೊಟ್ಟಗಾಗುತ್ತದೆ, ಮುಚ್ಚಳ ಕೂರುವುದಿಲ್ಲ, ಸಂದಿಯಿಂದ ನುಗ್ಗಿದ ಗಾಳಿ ಉರಿಯನ್ನು ಆರಿಸುತ್ತದೆ. ಉರಿ ಆರಿದ್ದು ಗೊತ್ತಾಗದೆ ಗ್ಯಾಸ್ ಬರುತ್ತಲೇ ಇರುತ್ತದೆ. ದಪ್ಪ ಕಬ್ಬಿಣ ಬಿಸಿಯಾಗಲು ಹೊತ್ತು ತೆಗೆದುಕೊಳ್ಳುತ್ತದೆ, ಒಮ್ಮೆ ಬಿಸಿಯಾದರೆ ತಣ್ಣನೆಯ ಮಾಂಸ ಇಟ್ಟರೂ ಬಿಸಿ ಇಳಿಯುವುದಿಲ್ಲ. ಕೆಂಡ ಕೊಡುವ ಸುಖದ ಅರ್ಧ ಇದೇ. ಜಾಲರಿ ತಂತಿಯದಾಗಿರಬಾರದು, ಬೆರಳು ದಪ್ಪದ ಸರಳಿನದಾಗಿರಬೇಕು ಇಲ್ಲವೇ ಎರಕದ್ದಾಗಿರಬೇಕು. ತಂತಿಯ ಮೇಲಿನ ಕ್ರೋಮ್ ಲೇಪ ಎದ್ದು ಬಂದು ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದೀರಿ? ಕಬಾಬಿನ ಜೊತೆಗೇ.

ಬರ್ನರ್ ಎಲ್ಲಕ್ಕಿಂತ ಮುಖ್ಯ. ಉಪ್ಪು, ನಿಂಬೆರಸ, ಮೊಸರು, ಕೊಬ್ಬು, ಇವೆಲ್ಲ ದಿನಾ ಅದರ ಮೇಲೆ ಸುರಿಯುತ್ತವೆ. ಉಪ್ಪು ಸ್ಟೀಲನ್ನೂ ಬಿಡುವುದಿಲ್ಲ. ಎರಕದ ಕಬ್ಬಿಣದ ಬರ್ನರ್ ತುಕ್ಕು ಹಿಡಿದಂತೆ ಕಂಡರೂ ವರ್ಷಗಟ್ಟಲೆ ದುಡಿಯುತ್ತದೆ, ಏಕೆಂದರೆ ತಿನ್ನಲು ಅದರಲ್ಲಿ ಕಬ್ಬಿಣ ಬೇಕಾದಷ್ಟಿದೆ. ಸ್ಟೀಲೇ ಬೇಕೆಂದರೆ 304 ಕೇಳಿ, ನೂರಕ್ಕೆ 18 ಕ್ರೋಮಿಯಂ, 8 ನಿಕಲ್ ಇರುವಂಥದ್ದು. ಅಂಗಡಿಯವರು ಅಯಸ್ಕಾಂತ ಹಿಡಿದು, ನೋಡಿ ಅಂಟುವುದಿಲ್ಲ, ಇದು 304 ಎಂದು ತೋರಿಸುತ್ತಾರೆ. ಆ ಆಟಕ್ಕೆ ಮರುಳಾಗಬೇಡಿ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿದ ಅಗ್ಗದ 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬಿಲ್ಲಿನಲ್ಲಿ 304 ಎಂದು ಬರೆದುಕೊಡಿ ಎಂದು ಕೇಳಿ, ಮುಖ ನೋಡಿದರೆ ಉತ್ತರ ಗೊತ್ತಾಗುತ್ತದೆ. ಬೆಂಕಿಯ ಹತ್ತಿರ ಜಿ.ಐ. ಶೀಟು ಎಲ್ಲಿಯೂ ಇರಬಾರದು. ಅದರ ಮೇಲಿನ ಸತುವು ಕಾದರೆ ಬರುವ ಹೊಗೆ ಎಂಥದ್ದೆಂದು ವೆಲ್ಡಿಂಗಿನವರನ್ನು ಕೇಳಬೇಕು, ಜಿ.ಐ. ಬೆಸೆದ ದಿನ ರಾತ್ರಿ ನಮ್ಮ ಹುಡುಗರಿಗೆ ಚಳಿಜ್ವರ ಬಂದದ್ದುಂಟು.

ಬಾಳಿಕೆ ಎಂದರೆ ಕೆಡದಿರುವುದಲ್ಲ, ಕೆಟ್ಟದ್ದನ್ನು ಬದಲಿಸಲು ಬರುವುದು. ನನ್ನ ಒಲೆಯಲ್ಲಿ ಬರ್ನರನ್ನು ಬೆಸೆಯುವುದಿಲ್ಲ, ಬೋಲ್ಟ್ ಹಾಕಿ ಕೂರಿಸುತ್ತೇನೆ. ಹಿತ್ತಾಳೆಯ ವಾಲ್ವು, ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಜೆಟ್ಟು ಎಲ್ಲವೂ ಹೋಟೆಲ್ ಒಲೆಗಳ ಅಂಗಡಿಯಲ್ಲಿ ಸಿಗುವ ಅಳತೆಯವು. ಸಿರುಗುಪ್ಪದವನಾಗಲಿ ಸಂಡೂರಿನವನಾಗಲಿ ನನ್ನನ್ನು ಹುಡುಕಿಕೊಂಡು ಬರಬೇಕಾಗಿಲ್ಲ. ಒಂದು ಸ್ಪ್ಯಾನರ್ ಸಾಕು. ಕೆಲವು ದಿನ ಹಚ್ಚದೆ ಇಟ್ಟ ಒಲೆಯ ಬರ್ನರ್ ಕೊಳವೆಯಲ್ಲಿ ಜೇಡ ಗೂಡು ಕಟ್ಟುತ್ತದೆ. ಉರಿ ನೀಲಿಯಿಂದ ಹಳದಿಗೆ ತಿರುಗಿ ಮಸಿ ಹಿಡಿಯುತ್ತಿದೆ ಎಂದರೆ ಹೆಚ್ಚಿನ ಸಲ ಜೇಡದ್ದೇ ಕೆಲಸ. ಬಿಚ್ಚಲು ಬರುವ ಒಲೆಯಾದರೆ ಒಂದು ತಂತಿ ತೂರಿಸಿ ಕೆಲಸ ಮುಗಿಸಬಹುದು. ಬೆಸೆದ ಒಲೆಯಾದರೆ ಗುಜರಿ.

ನಮ್ಮ ಜಿಲ್ಲೆಯ ಸಂಗತಿ ನೋಡಿ. ಸಂಡೂರಿನ ಗುಡ್ಡಗಳಿಂದ ಅದಿರು ಅಗೆಯುತ್ತಾರೆ, ತೋರಣಗಲ್ಲಿನಲ್ಲಿ ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದು ಹಗಲು ರಾತ್ರಿ ನಡೆಯುತ್ತದೆ, ಲಾರಿಗಳ ಧೂಳನ್ನು ನಾವು ಉಸಿರಾಡುತ್ತೇವೆ. ಮಾಂಸ ಸುಡಲು ಮಾತ್ರ ಕಾಗದದಷ್ಟು ತೆಳ್ಳಗಿನ ಪೆಟ್ಟಿಗೆಯನ್ನು ಎಲ್ಲಿಂದಲೋ ಕೊರಿಯರ್‌ನಲ್ಲಿ ತರಿಸಿಕೊಳ್ಳುತ್ತೇವೆ.

ಗ್ಯಾಸಿನ ಅಪಾಯವನ್ನು ಮುಚ್ಚಿಟ್ಟರೆ ನಾನೂ ಆ ಲೇಖಕರೂ ಒಂದೇ ಆಗುತ್ತೇವೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿದು ಕೂರುತ್ತದೆ. ಸಿಲಿಂಡರನ್ನು ಗಾಡಿಯ ಕೆಳಗೆ ಡಬ್ಬಿಯಂಥ ಗೂಡಿನಲ್ಲಿ ಬಚ್ಚಿಡುವವರು ಗೂಡಿನ ತಳದಲ್ಲಿ ಅಗಲವಾದ ತೂತುಗಳನ್ನು ಬಿಡಿಸಲೇಬೇಕು. ಮೇಲೆ ತೂತು ಮಾಡಿಸಿದರೆ ಪ್ರಯೋಜನವಿಲ್ಲ. ಕೊಳವೆ ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ್ದೇ ಇರಲಿ, ಐದು ವರ್ಷವಾದರೆ ಚೆನ್ನಾಗಿ ಕಂಡರೂ ಬದಲಿಸಿ, ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಮನೆಯ 14.2 ಕಿಲೋದ ಕೆಂಪು ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು ಅಪರಾಧ. ಗೊತ್ತಿದ್ದೂ ಬಳಸುತ್ತಾರೆ, ಏಕೆಂದರೆ 19 ಕಿಲೋದ ನೀಲಿ ಸಿಲಿಂಡರಿನ ಬೆಲೆ ತಿಂಗಳ ಮೊದಲ ದಿನ ಏನಾಗುತ್ತದೋ ಎಂಬ ಭಯ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಕೆಂಪು ಸಿಲಿಂಡರಿಗೆ ಗೂಡು ಮಾಡಿಕೊಡು ಎಂದರೆ ನಾನು ಮಾಡಿಕೊಡುವುದಿಲ್ಲ.

ಮುಂಬಯಿ ಹೈಕೋರ್ಟ್ 2025ರ ಜನವರಿಯಲ್ಲಿ, ಅಲ್ಲಿನ ಕಟ್ಟಿಗೆ ಮತ್ತು ಇದ್ದಿಲಿನ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿಗೋ ಬೇರೆ ಹಸಿರು ಇಂಧನಕ್ಕೋ ಬದಲಾಗಬೇಕು ಎಂದು ಹೇಳಿತು. ಅಂಥ ಆದೇಶ ನಾಳೆ ನಮ್ಮ ಕಡೆಗೂ ಬರಬಹುದು. ಬಂದಾಗ ತಳ್ಳುಗಾಡಿಯವನು ದಂಡ ಕಟ್ಟಲಾಗದೆ ಅತಿ ಅಗ್ಗದ ಗ್ಯಾಸ್ ಪೆಟ್ಟಿಗೆಗೆ ಓಡುತ್ತಾನೆ, ಮರುವರ್ಷ ಅದು ಗುಜರಿಗೆ ಹೋಗುತ್ತದೆ, ಅವನು ಮತ್ತೆ ಇದ್ದಿಲಿಗೆ. ಬೀದಿ ವ್ಯಾಪಾರಿಗಳಿಗಾಗಿ 2020ರಲ್ಲಿ ಬಂದ ಪಿಎಂ ಸ್ವನಿಧಿ ಸಾಲದ ಮೊದಲ ಕಂತು 10,000 ರೂಪಾಯಿ ಇತ್ತು, 2025ರಲ್ಲಿ ಅದನ್ನು 15,000ಕ್ಕೆ ಏರಿಸಿದ್ದಾರೆ. ಅದರಲ್ಲಿ ಸರಕು ತಂದು, ಬಾಕಿ ತೀರಿಸಿ ಉಳಿದದ್ದರಲ್ಲಿ ಬರುವುದು ತೆಳು ತಗಡೇ. ಮೊದಲ ಸಾಲ ತೀರಿಸಿದವರಿಗೆ ಸಿಗುವ ಎರಡನೆಯ ಕಂತಿನಲ್ಲಿ ಒಲೆ ಮಾಡಿಸಿಕೊಳ್ಳಿ, ಅಲ್ಲಿಯವರೆಗೆ ಇದ್ದಿಲೇ ಸಾಗಲಿ ಎಂದು ನಾನು ನನ್ನ ಗಿರಾಕಿಗಳಿಗೆ ಹೇಳುತ್ತೇನೆ. ಅವಸರದಲ್ಲಿ ಕೊಂಡ ಗ್ಯಾಸ್ ಒಲೆಗಿಂತ ತಾಳ್ಮೆಯ ಇದ್ದಿಲ ಒಲೆ ಮೇಲು.

ಮಹಾನಗರ ಪಾಲಿಕೆಯಾಗಲಿ ಬೇರೆ ಇಲಾಖೆಯಾಗಲಿ ಮುಂದೆ ಎಂದಾದರೂ ಬೀದಿ ಬದಿಯವರಿಗೆ ಗ್ಯಾಸ್ ಒಲೆ ಹಂಚುವ ಮನಸ್ಸು ಮಾಡಿದರೆ, ಟೆಂಡರಿನಲ್ಲಿ ಹೊಳಪು, ಬಣ್ಣ, ಚಕ್ರಗಳ ಜೊತೆಗೆ ತಗಡು ಎಷ್ಟು ಮಿ.ಮೀ., ಬರ್ನರ್ ಯಾವ ಲೋಹದ್ದು, ಬಿಡಿಭಾಗ ಯಾವ ಊರಿನಲ್ಲಿ ಸಿಗುತ್ತದೆ ಎಂಬುದನ್ನೂ ಬರೆಯಲಿ. ಹಂಚುವ ದಿನ ನಿಮ್ಮ ವರದಿಗಾರರು ಬಂದರೆ ಫಲಾನುಭವಿಗಳ ಸಂಖ್ಯೆ ಬರೆದುಕೊಳ್ಳುವುದರ ಜೊತೆಗೆ ಒಲೆಯನ್ನೊಮ್ಮೆ ಎತ್ತಿ ನೋಡಲಿ. ನನ್ನ ಒಲೆಯ ನಕ್ಷೆ, ಅಳತೆ ಯಾರಿಗೆ ಬೇಕಾದರೂ ಅಂಗಡಿಗೆ ಬಂದು ಬರೆದುಕೊಂಡು ಹೋಗಬಹುದು. ಗಂಗಾವತಿಯಲ್ಲೋ ಸಿಂಧನೂರಿನಲ್ಲೋ ಇರುವ ವೆಲ್ಡಿಂಗಿನವರು ಅದನ್ನು ನೋಡಿ ಮಾಡಿ ಮಾರಿದರೂ ನನಗೆ ಅಡ್ಡಿಯಿಲ್ಲ. ತಳ ಮಾತ್ರ 5 ಮಿ.ಮೀ.ಗಿಂತ ಕಡಿಮೆ ಮಾಡಬೇಡಿ.

ಇಂತಿ ನಿಮ್ಮ ಓದುಗ,
ಒಬ್ಬ ವೆಲ್ಡಿಂಗ್ ಕೆಲಸಗಾರ,
ಕೌಲ್ ಬಜಾರ್, ಬಳ್ಳಾರಿ